ಬೇಳೆ ಬೇಯದ ನೀರು, ಶೇಂಗಾ ಕೊಳೆಸುವ ಹುಳಿ: ಒಂದು ಪ್ರಕರಣ

"ಗಿಡ ಸಾಯ್ತಾ ಇದೆ ಮೇಡಂ, ಕಿಣ್ವ ಮಾತ್ರ ಸೊನ್ನೆ."

ನಮ್ಮಲ್ಲಿ ಎಂಎಸ್ಸಿ ಮಾಡುತ್ತಿದ್ದ ಹುಡುಗಿಯೊಬ್ಬಳು ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟು ಹೀಗೆ ಹೇಳಿದಾಗ ಪ್ರಬಂಧ ಸಲ್ಲಿಸಲು ಐದೇ ತಿಂಗಳು ಉಳಿದಿತ್ತು. ಶೇಂಗಾದ ಬುಡ ಕೊಳೆಸುವ ಶಿಲೀಂಧ್ರವೊಂದು ಗಿಡವನ್ನು ಕತ್ತರಿಸಲು ಬಳಸುವ ಕಿಣ್ವವನ್ನು (ಎನ್‌ಜೈಮ್) ಅಳೆಯುವುದು ಅವಳ ಕೆಲಸ. ಆಮೇಲೆ ಏನಾಯಿತು ಅನ್ನುವುದೇ ಈ ಬರಹ. ಅವಳ ಹೆಸರು, ಕಾಲೇಜು, ಮಾದರಿ ತಂದ ಊರು ಯಾವುದನ್ನೂ ಹೇಳುವುದಿಲ್ಲ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು, ಅದು ಓದುತ್ತ ಹೋದರೆ ಗೊತ್ತಾಗುತ್ತದೆ.

ಹೊಲದಲ್ಲಿ ಕಂಡದ್ದು

ಚಿತ್ರದುರ್ಗ ಜಿಲ್ಲೆಯ ಕೆಂಪು ನೆಲ. ಮುಂಗಾರಿನ ಶೇಂಗಾ ಬಿತ್ತಿ ಎರಡು ತಿಂಗಳು ಕಳೆದಿತ್ತು. ಹೂವು ಹೋಗಿ ಕಾಯಿ ಕಟ್ಟುವ ಹೊತ್ತು. ಹದಿನೈದು ದಿನ ಒಣಗಿದ್ದ ಹೊಲಕ್ಕೆ ಮಳೆ ಬಿದ್ದ ಮೇಲೆ ಅಲ್ಲೊಂದು ಇಲ್ಲೊಂದು ಗಿಡ ಹಳದಿಯಾಗಿ ಬಾಡತೊಡಗಿತು. ಒಂದೇ ಸಾಲಿನಲ್ಲಿ ಅಕ್ಕಪಕ್ಕದ ನಾಲ್ಕೈದು ಗಿಡ ಹೋಗಿರುತ್ತಿದ್ದವು, ಮುಂದೆ ಮತ್ತೆ ಹಸಿರು.

ಹೊಲದ ಯಜಮಾನರು ಒಂದು ಗಿಡ ಹಿಡಿದು ಎಳೆದರು. ಬೇರು ಮಣ್ಣಲ್ಲೇ ಉಳಿಯಿತು, ಗಿಡ ಕೈಗೆ ಬಂತು. ಮುರಿದ ಜಾಗ ಕಡ್ಡಿ ಮುರಿದಂತೆ ಇರಲಿಲ್ಲ. ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. "ಪುಂಡಿ ನೆನೆ ಹಾಕಿ ನಾರು ತೆಗ್ದಂಗೆ ಆಗೈತೆ ನೋಡ್ರಿ ಮೇಡಮ್ಮೋರೆ" ಅಂದರು. ಬುಡದ ಸುತ್ತ ಬೀಸಣಿಗೆಯಂತೆ ಹರಡಿದ ಬಿಳಿ ಎಳೆ, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ನೋಡಿದ ಕೂಡಲೇ ಗುರುತಿಸಬಹುದಾದ ರೋಗ ಇದು. ಬುಡಕೊಳೆ. ಕಾರಣ ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರ. 1892ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಟೊಮೆಟೊ ಗಿಡಗಳ ಮೇಲೆ ಇದನ್ನು ಕಂಡ ರಾಲ್ಫ್ಸ್ ಅವರ ಹೆಸರನ್ನು 1911ರಲ್ಲಿ ಸಕ್ಕಾರ್ಡೊ ಇದಕ್ಕೆ ಇಟ್ಟರು. ಟೊಮೆಟೊ, ವೀಳ್ಯದೆಲೆ, ಮೆಣಸಿನಕಾಯಿ, ಆಲೂಗಡ್ಡೆ, ಯಾವುದನ್ನೂ ಬಿಡುವುದಿಲ್ಲ. 500ಕ್ಕೂ ಹೆಚ್ಚು ಜಾತಿಯ ಗಿಡಗಳಿಗೆ ಬರುತ್ತದೆ.

ಪುಂಡಿ ಮಾತನ್ನು ನಾನು ಆವತ್ತು ನಕ್ಕು ಬಿಟ್ಟುಬಿಟ್ಟೆ. ಆ ಮಾತಿನಲ್ಲಿ ಅರ್ಧ ಪ್ರಬಂಧ ಇತ್ತು.

ಯಾಕೆಂದರೆ ಕೆರೆಯಲ್ಲಿ ಪುಂಡಿ ನೆನೆ ಹಾಕಿದಾಗ ಆಗುವುದೂ ಇದೇ. ಗಿಡದ ಒಂದೊಂದು ಜೀವಕೋಶಕ್ಕೂ ಒಂದು ಗೋಡೆ ಇರುತ್ತದೆ. ಅದರಲ್ಲಿ ಸೆಲ್ಯುಲೋಸ್ ಎಂಬ ಗಟ್ಟಿ ದಾರ, ದಾರಗಳನ್ನು ಹೆಣೆಯುವ ಹೆಮಿಸೆಲ್ಯುಲೋಸ್, ಸಂದಿಗೆಲ್ಲ ತುಂಬಿಕೊಂಡ ಪೆಕ್ಟಿನ್. ಎರಡು ಕೋಶಗಳ ನಡುವಿನ ಗಾರೆ ಬಹುಪಾಲು ಪೆಕ್ಟಿನ್ನೇ. ಸೀಬೆಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಇದರಿಂದ. ಕೆರೆಯ ಸೂಕ್ಷ್ಮಜೀವಿಗಳು ಮೊದಲು ಗಾರೆ ತಿನ್ನುತ್ತವೆ, ದಾರ ಹಾಗೇ ಉಳಿಯುತ್ತದೆ. ಸರಿಯಾದ ದಿನ ಎತ್ತಿದರೆ ನಾರು ಸಿಗುತ್ತದೆ. ಜಾಸ್ತಿ ದಿನ ಬಿಟ್ಟರೆ ನಾರೂ ಕೊಳೆಯುತ್ತದೆ. ರೋಗದ ಶಿಲೀಂಧ್ರಗಳ ಕೆಲಸವೂ ಸಾಮಾನ್ಯವಾಗಿ ಇದೇ ಕ್ರಮದಲ್ಲಿ: ಮೊದಲು ಪೆಕ್ಟಿನ್ ಕತ್ತರಿಸುವ ಕಿಣ್ವಗಳು, ಆಮೇಲೆ ಹೆಮಿಸೆಲ್ಯುಲೋಸ್, ಸೆಲ್ಯುಲೋಸ್ ಕತ್ತರಿಸುವವು.

ಸಮಸ್ಯೆ

ಹುಡುಗಿಯ ಕೈಯಲ್ಲಿ ಈ ಶಿಲೀಂಧ್ರದ ಎರಡು ತಳಿ ಇದ್ದವು. ಒಂದು ಈ ಹೊಲದಿಂದ ತಂದದ್ದು, ಕುಂಡದ ಶೇಂಗಾ ಗಿಡವನ್ನು ವಾರದೊಳಗೆ ಮಲಗಿಸುತ್ತಿತ್ತು. ಇನ್ನೊಂದು ನಮ್ಮ ಫ್ರಿಜ್‌ನಲ್ಲಿ ವರ್ಷಗಟ್ಟಲೆ ನಳಿಕೆಯಿಂದ ನಳಿಕೆಗೆ ದಾಟಿಸಿಕೊಂಡು ಬಂದಿದ್ದು, ಸೋಮಾರಿ. ಪ್ರಶ್ನೆ ಸರಳ: ಚುರುಕಿನದಕ್ಕೆ ಪಾಲಿಗ್ಯಾಲಕ್ಟುರೊನೇಸ್ ಜಾಸ್ತಿ ಇದೆಯಾ? ಪೆಕ್ಟಿನ್ ಸರಪಳಿಯ ಕೊಂಡಿ ಕತ್ತರಿಸುವ ಕಿಣ್ವ ಅದು.

ಎರಡನ್ನೂ ಆಲೂಗಡ್ಡೆ ಡೆಕ್ಸ್‌ಟ್ರೋಸ್ ದ್ರವದಲ್ಲಿ ಬೆಳೆಸಿದಳು. ಡೆಕ್ಸ್‌ಟ್ರೋಸ್ ಅಂದರೆ ಗ್ಲುಕೋಸ್. ಶಿಲೀಂಧ್ರ ಅಂದರೆ ಅದೇ ಊಟ, ಎಲ್ಲರೂ ಅದನ್ನೇ ಹಾಕುವುದು. ಏಳನೇ ದಿನ ಸೋಸಿ ಡಿಎನ್‌ಎಸ್ (ಡೈನೈಟ್ರೊಸ್ಯಾಲಿಸಿಲಿಕ್ ಆಮ್ಲ) ಪರೀಕ್ಷೆ ಮಾಡಿದಳು. ಪೆಕ್ಟಿನ್ ಕತ್ತರಿಸಿದಷ್ಟೂ ಸಕ್ಕರೆಯ ತುದಿಗಳು ಹೊರಬರುತ್ತವೆ, ಹಳದಿ ಡಿಎನ್‌ಎಸ್ ಜೊತೆ ಕುದಿಸಿದಾಗ ಅವು ಇಟ್ಟಿಗೆ ಬಣ್ಣ ಕೊಡುತ್ತವೆ. ಬಣ್ಣವನ್ನು 540 ನ್ಯಾನೋಮೀಟರ್‌ನಲ್ಲಿ ಅಳೆಯುವುದು. 1959ರಿಂದ ಮಿಲ್ಲರ್ ಅವರ ವಿಧಾನ ಅಂತ ಎಲ್ಲ ಲ್ಯಾಬ್‌ನಲ್ಲೂ ನಡೆಯುತ್ತಿದೆ.

ಮೊದಲ ದಿನ ಎಲ್ಲ ನಳಿಕೆಯೂ ಕಡು ಕೆಂಪು. ಖುಷಿಯೋ ಖುಷಿ. ಆಮೇಲೆ ನೋಡಿದರೆ, ಮೊದಲೇ ಕುದಿಸಿ ಕಿಣ್ವ ಸಾಯಿಸಿದ್ದ ನಳಿಕೆಯೂ ಅಷ್ಟೇ ಕೆಂಪು! ಅದು ಕಿಣ್ವದ ಬಣ್ಣವಲ್ಲ, ದ್ರವದಲ್ಲಿ ಉಳಿದಿದ್ದ ಗ್ಲುಕೋಸ್‌ನ ಬಣ್ಣ. ಸಕ್ಕರೆ ಹೋಗಲಿ ಅಂತ, ಸಣ್ಣ ಕಣಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ ತುಂಬಿ ರಾತ್ರಿಯಿಡೀ ತಣ್ಣೀರಿನಲ್ಲಿ ಇಟ್ಟಳು. ಬೆಳಿಗ್ಗೆ ಎಲ್ಲ ನಳಿಕೆಯೂ ಹಳದಿ. ಚುರುಕಿನದೂ ಸೊನ್ನೆ, ಸೋಮಾರಿಯದೂ ಸೊನ್ನೆ.

ನಮ್ಮ ಪ್ರಯತ್ನಗಳು

ಮೊದಲು ಡಿಎನ್‌ಎಸ್ ಮೇಲೆ ಅನುಮಾನ. ಹೊಸದು ಮಾಡಿದೆವು. ಆಮೇಲೆ ದಿನದ ಮೇಲೆ: ಮೂರು, ಐದು, ಹತ್ತು. ಆಮೇಲೆ ಕಿಣ್ವ ತೆಳ್ಳಗಾಗಿರಬೇಕು ಅಂತ ಅಮೋನಿಯಂ ಸಲ್ಫೇಟ್ ಹಾಕಿ ಗಟ್ಟಿ ಮಾಡಿದೆವು. ಎರಡು ತಿಂಗಳು ಇದರಲ್ಲೇ ಹೋಯಿತು. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಇದರ ನಡುವೆ ಅವಳು ಒಂದು ಸಾಲು ಬರೆದುಕೊಂಡು ಬಂದಳು: "ಈ ತಳಿಗಳಲ್ಲಿ ರೋಗಕ್ಕೂ ಪಾಲಿಗ್ಯಾಲಕ್ಟುರೊನೇಸ್‌ಗೂ ಸಂಬಂಧ ಕಂಡುಬಂದಿಲ್ಲ." ಪ್ರಾಮಾಣಿಕ ಸಾಲು, ಅಂಕಿಗಳೂ ಹಾಗೇ ಹೇಳುತ್ತಿದ್ದವು. ನಾನು ಸಹಿ ಹಾಕಲು ಪೆನ್ನು ತೆಗೆದಿದ್ದೆ ಕೂಡ. ತಡೆದದ್ದು ಆ ಎಳೆ ಎಳೆಯಾದ ಬುಡದ ನೆನಪು. ಗಾರೆ ಕರಗದೆ ನಾರು ಬಿಟ್ಟುಕೊಳ್ಳುವುದು ಹೇಗೆ? ಕಣ್ಣಲ್ಲಿ ಕಂಡ ಕೆಲಸ ನಳಿಕೆಯಲ್ಲಿ ಕಾಣದಿದ್ದರೆ, ನಳಿಕೆಯನ್ನು ಮೊದಲು ಅನುಮಾನಿಸಬೇಕು ಅನಿಸಿತು. "ಒಂದು ತಿಂಗಳು ತಡಿಯಮ್ಮ" ಅಂದೆ.

ಮೊದಲ ತಿರುವು: ಲೋಳೆ

ಆ ಹುಡುಗಿ ಒಂದು ವಿಷಯದ ಬಗ್ಗೆ ದಿನಾ ಗೊಣಗುತ್ತಿದ್ದಳು. ಸೋಸುವಾಗ ದ್ರವ ಕಾಗದದಿಂದ ಇಳಿಯುವುದೇ ಇಲ್ಲ. ಲೋಳೆಸರ ಹಿಂಡಿದಂತೆ ನೂಲು ನೂಲಾಗಿ ಜೋತು ಬೀಳುತ್ತದೆ. ನಾನು ಅದನ್ನು ಕಿರಿಕಿರಿ ಅಂತಲೇ ತಿಳಿದಿದ್ದೆ. ಒಂದು ಮಧ್ಯಾಹ್ನ ಫ್ಲಾಸ್ಕ್ ಓರೆ ಮಾಡಿ ನೋಡುತ್ತಿದ್ದಾಗ ಹೊಳೆಯಿತು. ಇದು ಸ್ಕ್ಲೆರೋಗ್ಲುಕಾನ್. ಈ ಶಿಲೀಂಧ್ರಕ್ಕೆ ಸಕ್ಕರೆ ಹೇರಳವಾಗಿ ಸಿಕ್ಕಿದರೆ ಮಿಕ್ಕಿದ್ದನ್ನು ಅಂಟು ಮಾಡಿ ಹೊರಗೆ ಸುರಿಯುತ್ತದೆ. ಕಾರ್ಖಾನೆಗಳಲ್ಲಿ ಈ ಅಂಟಿಗಾಗಿಯೇ ಅದನ್ನು ಬೆಳೆಸುವುದುಂಟು.

ಅಂದರೆ ನಮ್ಮ ಶಿಲೀಂಧ್ರ ಹೊಟ್ಟೆ ಬಿರಿಯ ಉಂಡು ಕೂತಿತ್ತು. ಆ ದ್ರವದಲ್ಲಿ ಲೀಟರಿಗೆ 20 ಗ್ರಾಂ ಗ್ಲುಕೋಸ್ ಇರುತ್ತದೆ. ಗ್ಲುಕೋಸ್ ಬಾಯಿಗೇ ಬರುತ್ತಿರುವಾಗ ಗೋಡೆ ಒಡೆದು ತಿನ್ನುವ ಕಿಣ್ವ ಮಾಡುವುದು ದಂಡ. ಗ್ಲುಕೋಸ್ ಇರುವವರೆಗೆ ಅಂಥ ಕಿಣ್ವಗಳ ಜೀನ್‌ಗಳನ್ನು ಶಿಲೀಂಧ್ರ ಅದುಮಿ ಇಡುತ್ತದೆ. ತರಗತಿಯಲ್ಲಿ ಪಾಠ ಮಾಡುವಾಗ ನಾನೇ ಇದನ್ನು ಬೋರ್ಡ್ ಮೇಲೆ ಬರೆಯುತ್ತೇನೆ. ಲ್ಯಾಬ್‌ನಲ್ಲಿ ಮಾತ್ರ ಹೊಳೆಯಲು ಲೋಳೆ ಬೇಕಾಯಿತು.

ಗ್ಲುಕೋಸ್ ತೆಗೆದು ಪೆಕ್ಟಿನ್ ಒಂದನ್ನೇ ಊಟವಾಗಿ ಕೊಟ್ಟೆವು. ಇಲ್ಲೂ ಒಂದು ಹಳ್ಳ ಇತ್ತು. ಜಾಮ್ ಮಾಡಲು ಮಾರುವ ಪೆಕ್ಟಿನ್ ಪುಡಿಯಲ್ಲಿ ಸಕ್ಕರೆ ಬೆರೆಸಿರುವುದುಂಟು, ಪ್ರತಿ ಡಬ್ಬಿಯೂ ಒಂದೇ ಹದಕ್ಕೆ ಗಟ್ಟಿಯಾಗಲಿ ಅಂತ. ನಾವು ತಂದದ್ದು ಅದೇ. ಆಲ್ಕೋಹಾಲ್‌ನಲ್ಲಿ ತೊಳೆದು ಒಣಗಿಸಿ ಬಳಸಿದೆವು. ಇನ್ನು ಕೆಲವು ಫ್ಲಾಸ್ಕ್‌ಗಳಿಗೆ ಒಣಗಿಸಿ ಪುಡಿ ಮಾಡಿದ ಶೇಂಗಾ ಕಾಂಡವನ್ನೇ ಹಾಕಿದಳು. ಅದು ಅವಳದೇ ಯೋಚನೆ, ಒಳ್ಳೆಯ ಯೋಚನೆ.

ಬಣ್ಣ ಬಂತು. ಬಂತು ಅನ್ನುವಷ್ಟು ಮಾತ್ರ. ತಿಳಿ ಕಿತ್ತಳೆ.

ಎರಡನೇ ತಿರುವು: ನನ್ನ ಹಳೇ ಚೀಟಿ

ಈಗ ನನ್ನ ತಪ್ಪಿಗೆ ಬರುತ್ತೇನೆ. ಪರೀಕ್ಷೆಯ ವಿಧಾನವನ್ನು ಅವಳಿಗೆ ಕೊಟ್ಟದ್ದು ನಾನು. ಗೋಡೆಗೆ ಅಂಟಿಸಿದ ಒಂದು ಚೀಟಿ, ಅದರ ಕೆಳಗಿನ ಶೆಲ್ಫ್‌ನಲ್ಲಿ ಸಿದ್ಧ ಬಫರ್ ಬಾಟಲಿ. ಬಫರ್ ಅಂದರೆ ಹುಳಿ-ಕ್ಷಾರದ ಮಟ್ಟ (ಪಿಎಚ್) ಕದಲದಂತೆ ಹಿಡಿದಿಡುವ ದ್ರಾವಣ. ಹಿಂದಿನ ವಿದ್ಯಾರ್ಥಿಯೊಬ್ಬ ಆಲೂಗಡ್ಡೆಯ ಮೆತ್ತಗೆ ಕೊಳೆಯುವ ರೋಗದ ಮೇಲೆ ಕೆಲಸ ಮಾಡಿದ್ದ. ಅದು ಬ್ಯಾಕ್ಟೀರಿಯಾದ ರೋಗ, ಅದರ ಮುಖ್ಯ ಆಯುಧ ಪೆಕ್ಟೇಟ್ ಲಯೇಸ್. ಅದೂ ಪೆಕ್ಟಿನ್ ಕತ್ತರಿಸುವ ಕಿಣ್ವವೇ, ಆದರೆ ಕತ್ತರಿಸುವ ರೀತಿ ಬೇರೆ. ಅದಕ್ಕೆ ಕ್ಷಾರ ಬೇಕು, ಜೊತೆಗೆ ಕ್ಯಾಲ್ಸಿಯಂ ಬೇಕೇ ಬೇಕು. ಆದ್ದರಿಂದ ಆ ಬಾಟಲಿಯ ಪಿಎಚ್ 8.5, ಕ್ಯಾಲ್ಸಿಯಂ ಕ್ಲೋರೈಡ್ ಬೇರೆ ಬೆರೆಸಿತ್ತು. "ಪೆಕ್ಟಿನೇಸ್ ಬಫರ್" ಅಂತ ಚೀಟಿ, ಪೆಕ್ಟಿನೇಸ್ ಅಂದರೆ ಪೆಕ್ಟಿನ್ ಕತ್ತರಿಸುವ ಯಾವುದೇ ಕಿಣ್ವ. ಅವಳು ನಂಬಿದಳು. ನಾನೂ ನಂಬಿದೆ.

ಅನುಮಾನ ಹುಟ್ಟಿದ್ದು ಫ್ಲಾಸ್ಕ್ ತೊಳೆಯುವ ಸಿಂಕ್ ಹತ್ತಿರ. ಬಿಸಾಡುವ ದ್ರವಕ್ಕೆ ಸುಮ್ನೆ ಒಂದು ಪಿಎಚ್ ಕಾಗದ ಅದ್ದಿದಳು. ಕೆಂಪಾಯಿತು. ಮೀಟರ್‌ನಲ್ಲಿ ನೋಡಿದರೆ 4ಕ್ಕಿಂತ ಕೆಳಗೆ. ನಾವು ಫ್ಲಾಸ್ಕ್ ತುಂಬಿದಾಗ 6 ಇತ್ತು. ಶಿಲೀಂಧ್ರ ತಾನೇ ಹುಳಿ ಮಾಡಿಕೊಂಡಿತ್ತು.

ಯಾವ ಹುಳಿ? ಸೋಸಿದ ದ್ರವಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಎರಡು ಹನಿ ಬಿಟ್ಟಳು. ಹಾಲು ಒಡೆದಂತೆ ಬಿಳಿ ಗಷ್ಟು ತಳಕ್ಕೆ ಕೂತಿತು. ಕ್ಯಾಲ್ಸಿಯಂ ಆಕ್ಸಲೇಟ್. ಅಂದರೆ ಆಕ್ಸಾಲಿಕ್ ಆಮ್ಲ.

ಮಾರನೇ ದಿನ ಊಟದ ಹೊತ್ತಿಗೆ ಅವಳು ನನ್ನ ಮೇಲೆ ಒಂದು ಪ್ರಶ್ನೆ ಎಸೆದಳು. "ಮೇಡಂ, ಹುಳಿ ಹಾಕಿದ್ರೆ ಬೇಳೆ ಬೇಯಲ್ಲ ಅಲ್ವಾ? ಅಮ್ಮ ಬೇಳೆ ಬೆಂದ ಮೇಲೇ ಹುಣಸೆಹಣ್ಣು ಹಾಕೋದು. ಹಾಗಿದ್ರೆ ಹುಳಿಯಲ್ಲಿ ಪೆಕ್ಟಿನ್ ಗಟ್ಟಿಯಾಗೇ ಇರಬೇಕಲ್ವಾ? ಇದು ಉಲ್ಟಾ ಆಯ್ತಲ್ಲ."

ಇಷ್ಟು ಒಳ್ಳೆಯ ಪ್ರಶ್ನೆ ಯಾವ ಪರೀಕ್ಷಕರೂ ಕೇಳಿರಲಿಲ್ಲ. ಒಲೆಯ ಮೇಲೆ ಪೆಕ್ಟಿನ್ ಒಡೆಯುವುದು ಬಿಸಿಯಿಂದ. ಸಾಧಾರಣ ನೀರಿನಲ್ಲಿ, ಸ್ವಲ್ಪ ಸೋಡಾ ಇದ್ದರೆ ಇನ್ನೂ ಬೇಗ, ಆ ಒಡೆತ ನಡೆಯುತ್ತದೆ. ಹುಳಿ ಅದನ್ನು ನಿಧಾನ ಮಾಡುತ್ತದೆ. ಆದರೆ ಹೊಲದಲ್ಲಿ ಬಿಸಿ ಇಲ್ಲ, ಕತ್ತರಿಸುವುದು ಕಿಣ್ವ. ಈ ಶಿಲೀಂಧ್ರದ ಕಿಣ್ವ ಚೆನ್ನಾಗಿ ದುಡಿಯುವುದು ಹುಳಿಯಲ್ಲೇ, ಪಿಎಚ್ 4ರಿಂದ 5ರ ಆಸುಪಾಸು. ಕೆಲಸ ಒಂದೇ, ಆಳು ಬೇರೆ.

ಅಡುಗೆಮನೆಯ ಇನ್ನೊಂದು ಮಾತು ಮಾತ್ರ ನೇರವಾಗಿ ಇಲ್ಲಿಗೆ ಹೊಂದುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಯಲುಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತು. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಎರಡು ಪೆಕ್ಟಿನ್ ಸರಪಳಿಗಳ ನಡುವೆ ಕೂತು ಅವನ್ನು ಹೊಲಿದುಬಿಡುತ್ತದೆ. ಗಿಡದ ಗಾರೆಯಲ್ಲೂ ಹೊಲಿಗೆ ಅದೇ. ಹೊಲಿದ ಪೆಕ್ಟಿನ್‌ಗೆ ಕಿಣ್ವದ ಹಲ್ಲು ಇಳಿಯುವುದು ಕಷ್ಟ. ಆಕ್ಸಾಲಿಕ್ ಆಮ್ಲ ಮಾಡುವುದೇನು? ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಹೊಲಿಗೆ ಬಿಚ್ಚುತ್ತದೆ. ಜೊತೆಗೆ ಜಾಗವನ್ನು ಹುಳಿ ಮಾಡಿ ಕಿಣ್ವಕ್ಕೆ ಹದ ಮಾಡಿಕೊಡುತ್ತದೆ. ಮೇಲಾಗಿ ಗಿಡದ ಕೋಶಗಳಿಗೆ ಅದು ವಿಷ ಕೂಡ.

ನಮ್ಮ ಬಫರ್ ಏನು ಮಾಡಿತ್ತು ನೋಡಿ. ಹುಳಿ ತೆಗೆದು ಕ್ಷಾರ ಕೊಟ್ಟಿತ್ತು. ಶಿಲೀಂಧ್ರ ಕಷ್ಟಪಟ್ಟು ಕಿತ್ತ ಹೊಲಿಗೆಯನ್ನು ಕ್ಯಾಲ್ಸಿಯಂ ಹಾಕಿ ಮತ್ತೆ ಹೊಲಿದಿತ್ತು. ಕೈಕಾಲು ಕಟ್ಟಿ "ಯಾಕೆ ಓಡಲ್ಲ?" ಅಂತ ಕೇಳಿದಂತೆ.

ಇನ್ನೂ ನಾಚಿಕೆಯ ಮಾತು: ಇದು ಹೊಸ ಸಂಗತಿ ಅಲ್ಲವೇ ಅಲ್ಲ. 1965ರಲ್ಲಿ ಬೇಟ್‌ಮನ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ಇದೇ ಶಿಲೀಂಧ್ರದಲ್ಲಿ ಆಕ್ಸಾಲಿಕ್ ಆಮ್ಲವೂ ಪಾಲಿಗ್ಯಾಲಕ್ಟುರೊನೇಸೂ ಜೊತೆಯಾಗಿ ದುಡಿಯುವುದನ್ನು ತೋರಿಸಿದ್ದರು. ಸಸ್ಯರೋಗ ಓದಿದವರೆಲ್ಲ ಪರೀಕ್ಷೆಗೆ ಬರೆಯುವ ಉತ್ತರ ಇದು. ನಾನೂ ಬರೆದು ಪಾಸಾದವಳೇ.

ಏನಾಯಿತು

ಪಿಎಚ್ 4.5ರ ಅಸಿಟೇಟ್ ಬಫರ್, ಕ್ಯಾಲ್ಸಿಯಂ ಇಲ್ಲ. ಅದೇ ಪೆಕ್ಟಿನ್ ಫ್ಲಾಸ್ಕ್, ಅದೇ ದಿನದ ದ್ರವ. ಡಿಎನ್‌ಎಸ್ ಹಾಕಿ ಕುದಿಯುವ ನೀರಲ್ಲಿ ಇಟ್ಟು ಐದು ನಿಮಿಷಕ್ಕೆ ತೆಗೆದಾಗ ಸಾಲಾಗಿ ಇಟ್ಟಿಗೆ ಬಣ್ಣ, ಕುದಿಸಿ ಸಾಯಿಸಿದ ನಳಿಕೆ ಮಾತ್ರ ಹಳದಿ. ಆ ಹಳದಿ ನಳಿಕೆಯನ್ನು ಅವಳು ಎತ್ತಿ ಎತ್ತಿ ನೋಡಿದಳು.

ಅಂಕಿ ಸಿಕ್ಕಿತು, ಸರಿ. ಆದರೆ ಕಣ್ಣಿಗೂ ಕಾಣಬೇಕು ಅಂತ ನನ್ನ ಹಟ. ಆಲೂಗಡ್ಡೆಯಿಂದ ಸಣ್ಣ ಬಿಲ್ಲೆ ಕೊರೆದು ಐದು ತಟ್ಟೆಯಲ್ಲಿ ಇಟ್ಟೆವು. ಒಂದರಲ್ಲಿ ಬರೀ ನೀರು. ಒಂದರಲ್ಲಿ ಬರೀ ಆಕ್ಸಾಲಿಕ್ ಆಮ್ಲ, ಅದೂ ತೆಳುವಾಗಿ. ಒಂದರಲ್ಲಿ ಡಯಾಲಿಸಿಸ್ ಮಾಡಿ ಹುಳಿ ತೆಗೆದ ಕಿಣ್ವ. ನಾಲ್ಕನೆಯದರಲ್ಲಿ ಎರಡೂ. ಐದನೆಯದರಲ್ಲಿ ಎರಡೂ ಸೇರಿಸಿ ಮೇಲೆ ಜಾಸ್ತಿ ಕ್ಯಾಲ್ಸಿಯಂ. ಕೆಲವು ಗಂಟೆ ಬಿಟ್ಟು ಸೂಜಿಯಿಂದ ಮೆಲ್ಲಗೆ ಕೆದಕಿದೆವು. ನೀರಿನ ಬಿಲ್ಲೆ ಕಟುಂ ಅಂತ ಮುರಿಯಿತು. ಆಮ್ಲದ್ದು ಸ್ವಲ್ಪ ಜೋಲಾಗಿತ್ತು, ಆದರೆ ಇಡಿಯಾಗಿತ್ತು. ಕಿಣ್ವ ಒಂದೇ ಇದ್ದದ್ದು ಅಂಚಿನಲ್ಲಿ ಮಾತ್ರ ಮೆತ್ತಗಾಗಿತ್ತು. ಎರಡೂ ಇದ್ದ ಬಿಲ್ಲೆ ಸೂಜಿ ತಾಕುತ್ತಲೇ ಹರಡಿಕೊಂಡಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಇಡಿ ಇಡಿಯಾಗಿ, ಒಂದನ್ನೊಂದು ಬಿಟ್ಟು ತೇಲುತ್ತಿದ್ದವು. ಗೋಡೆ ಇತ್ತು, ಗಾರೆ ಹೋಗಿತ್ತು. ಐದನೆಯದು ಗಟ್ಟಿಯಾಗೇ ಉಳಿಯಿತು. ಹೊಲದ ಯಜಮಾನರ ಪುಂಡಿ ಮಾತು ನನಗೆ ಆಗ ವಾಪಸ್ ಬಂತು.

ಪೆಕ್ಟಿನ್ ದ್ರವ ಗಾಜಿನ ನಳಿಕೆಯಲ್ಲಿ ಇಳಿಯುವ ಹೊತ್ತನ್ನೂ ಸ್ಟಾಪ್‌ವಾಚ್ ಹಿಡಿದು ಅಳೆದಳು. ಕಿಣ್ವ ಹಾಕಿದ ಕೆಲವೇ ನಿಮಿಷಕ್ಕೆ ದ್ರವ ತೆಳ್ಳಗಾಯಿತು, ಆಗಿನ್ನೂ ಡಿಎನ್‌ಎಸ್ ಬಣ್ಣ ಹೆಚ್ಚು ಏರಿರಲಿಲ್ಲ. ಸರಪಳಿಯ ತುದಿಯಿಂದ ಒಂದೊಂದೇ ಕೊಂಡಿ ಕಳಚುವ ಕಿಣ್ವವಾದರೆ ಹೀಗಾಗುವುದಿಲ್ಲ. ಇದು ನಡುವೆ ನಡುವೆ ತುಂಡರಿಸುವ ಜಾತಿ.

ಇನ್ನು ಮೂಲ ಪ್ರಶ್ನೆ. ಸೋಮಾರಿ ತಳಿಯಲ್ಲಿ ಕಿಣ್ವ ಕಡಿಮೆಯಾ? ಇರಲಿಲ್ಲ. ಚುರುಕಿನದಕ್ಕೆ ಹೆಚ್ಚುಕಡಿಮೆ ಸಮ. ಆದರೆ ಅದರ ಫ್ಲಾಸ್ಕ್ ಅಷ್ಟು ಹುಳಿಯಾಗಿರಲಿಲ್ಲ, ಕ್ಯಾಲ್ಸಿಯಂ ಬಿಟ್ಟರೆ ಗಷ್ಟೂ ಕಡಿಮೆ. ಕಿಣ್ವದ ಹೆಸರಲ್ಲಿ ಹೊರಟ ಪ್ರಬಂಧ ಹುಳಿಯ ಹತ್ತಿರ ಬಂದು ನಿಂತಿತು. ಅವಳಿಗೆ ಇದನ್ನು ದೊಡ್ಡದಾಗಿ ಬರೆಯುವ ಆಸೆ. ಇರುವುದು ಎರಡೇ ತಳಿ, ಎರಡರಿಂದ ನಿಯಮ ಆಗುವುದಿಲ್ಲ ಅಂದೆ. "ಈ ಎರಡು ತಳಿಗಳಲ್ಲಿ" ಅನ್ನುವ ಮೂರು ಪದ ಪ್ರತಿ ವಾಕ್ಯಕ್ಕೂ ಸೇರಿತು. ಮುಖ ಸಪ್ಪೆ ಮಾಡಿಕೊಂಡೇ ಸೇರಿಸಿದಳು.

ಜಿಪ್ಸಂ ಜಗಳ

ಇದಕ್ಕಿಂತ ದೊಡ್ಡ ಜಗಳ ನಡೆದದ್ದು ಶಿಫಾರಸಿನ ಪುಟದಲ್ಲಿ. ಕ್ಯಾಲ್ಸಿಯಂ ಹಾಕಿದ ಬಿಲ್ಲೆ ಗಟ್ಟಿ ಉಳಿಯಿತು. ಶೇಂಗಾಕ್ಕೆ ಕಾಯಿ ಗಟ್ಟಿಯಾಗಲಿ ಅಂತ ಹೆಕ್ಟೇರಿಗೆ 500 ಕಿಲೋ ಜಿಪ್ಸಂ ಹಾಕುವ ಪದ್ಧತಿ ಮೊದಲೇ ಇದೆ, ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಹಾಗಾಗಿ "ಜಿಪ್ಸಂ ಹಾಕಿದರೆ ಬುಡಕೊಳೆ ನಿಲ್ಲುತ್ತದೆ" ಅಂತ ಬರೆದಿದ್ದಳು. ನಾನು ಹೊಡೆದು ಹಾಕಿದೆ. ತಟ್ಟೆಯಲ್ಲಿ ಕ್ಯಾಲ್ಸಿಯಂ ನೇರ ಬಿಲ್ಲೆಗೆ ಸಿಕ್ಕಿತ್ತು. ಹೊಲದಲ್ಲಿ ಮಣ್ಣಿಗೆ ಬಿದ್ದ ಜಿಪ್ಸಂ ಕಾಂಡದ ಬುಡದ ಗಾರೆಗೆ ಎಷ್ಟು ತಲುಪಿತು ಅಂತ ನಾವು ಅಳೆದೇ ಇರಲಿಲ್ಲ. ಬಾಡಲು ಶುರುವಾದ ಗಿಡವನ್ನಂತೂ ಯಾವ ಜಿಪ್ಸಮ್ಮೂ ಎಬ್ಬಿಸುವುದಿಲ್ಲ. ರೈತರು ದುಡ್ಡು ಕೊಟ್ಟು ಚೀಲ ತರುವವರು, ಒಂದು ತಟ್ಟೆ ನೋಡಿ ಅವರಿಗೆ ಚೀಲ ಹೊರಿಸಲು ನನಗೆ ಮನಸ್ಸು ಬರಲಿಲ್ಲ.

ಗಿಡವೂ ಸುಮ್ಮನೆ ಕೂತಿರುವುದಿಲ್ಲ ಎಂಬುದನ್ನೂ ಅವಳಿಗೆ ನೆನಪಿಸಿದೆ. ಹುರುಳಿಕಾಯಿ ಮುಂತಾದ ಗಿಡಗಳ ಕೋಶಗೋಡೆಯಲ್ಲಿ ಪಾಲಿಗ್ಯಾಲಕ್ಟುರೊನೇಸನ್ನು ಹಿಡಿದು ನಿಲ್ಲಿಸುವ ಪ್ರೋಟೀನ್ ಇದೆ. ಕತ್ತರಿಸಿದ ಪೆಕ್ಟಿನ್‌ನ ಚೂರುಗಳೇ ಗಿಡಕ್ಕೆ ಕಳ್ಳ ಬಂದ ಸುದ್ದಿ ಮುಟ್ಟಿಸುತ್ತವೆ. ಅದಕ್ಕೆ ಪ್ರತಿಯಾಗಿ ಶಿಲೀಂಧ್ರಗಳು ಒಂದೇ ಕಿಣ್ವದ ಹಲವು ರೂಪ ಇಟ್ಟುಕೊಂಡಿರುತ್ತವೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಆಟ.

ಮತ್ತೆ ಅದೇ ಹೊಲಕ್ಕೆ

ಮುಂದಿನ ಬಿತ್ತನೆಗೆ ಮೊದಲು ಇಬ್ಬರೂ ಹೋದೆವು. ಕಿಣ್ವದ ಮಾತು ಎತ್ತಲಿಲ್ಲ. ಪುಂಡಿಯ ಮಾತು ಎತ್ತಿದೆವು. ಶಿಲೀಂಧ್ರ ಮಣ್ಣಿನಲ್ಲಿ ಮಲಗಿರುವುದು ಆ ಕಂದು ಗುಂಡುಗಳಾಗಿ, ಅವು ಮೇಲ್ಮಣ್ಣಿನಲ್ಲೇ ಮೊಳೆಯುವುದು, ಬೇಸಿಗೆಯಲ್ಲಿ ಆಳವಾಗಿ ಉತ್ತು ಕೂಳೆ ಕಸ ಕೆಳಗೆ ಹಾಕಿದರೆ ಬಹಳಷ್ಟು ಏಳುವುದಿಲ್ಲ ಅಂದೆವು. ಎಡೆ ಹೊಡೆಯುವಾಗ ಬುಡಕ್ಕೆ ಮಣ್ಣು ಏರಿಸಬೇಡಿ, ಒಂದೆರಡು ವರ್ಷ ಜೋಳಕ್ಕೋ ರಾಗಿಗೋ ಬದಲಿಸಿ, ಬೀಜಕ್ಕೆ ಟ್ರೈಕೋಡರ್ಮಾ ಹಚ್ಚಿ. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಅದು ಈ ಶಿಲೀಂಧ್ರದ ಗೋಡೆಯನ್ನು ತನ್ನ ಕಿಣ್ವದಿಂದ ಒಡೆಯುತ್ತದೆ ಅಂದಾಗ ಯಜಮಾನರು ಜೋರಾಗಿ ನಕ್ಕರು.

ಎಲೆಯ ಮಾತಿಗೆ ಮಾತ್ರ ಅವರು ಕೂತು ಕೇಳಿದರು. ಎಲೆಯಲ್ಲಿ ಚುಕ್ಕೆ ಬೀಳುವ ಟಿಕ್ಕಾ ರೋಗ ಬಂದು ಉದುರಿದ ಎಲೆ ಬುಡದಲ್ಲಿ ಬಿದ್ದು ಒಣಗುತ್ತದೆ, ಮಳೆ ಬಂದಾಗ ಮತ್ತೆ ನೆನೆಯುತ್ತದೆ. ಹಾಗೆ ಒಣಗಿ ನೆನೆದ ಎಲೆಯಿಂದ ಮೆಥನಾಲ್‌ನಂಥ ಆವಿಗಳು ಏಳುತ್ತವೆ, ಆ ಆವಿ ಮಣ್ಣಿನಲ್ಲಿ ಮಲಗಿದ ಗುಂಡುಗಳನ್ನು ಎಬ್ಬಿಸುತ್ತದೆ. ಎದ್ದ ಶಿಲೀಂಧ್ರಕ್ಕೆ ಅದೇ ಎಲೆ ಮೊದಲ ಊಟ, ಆಮೇಲೆ ಕಾಂಡ.

"ಅಂದ್ರೆ ಟಿಕ್ಕಾಕ್ಕೆ ಮದ್ದು ಹೊಡ್ದ್ರೆ ಇದೂ ಕಮ್ಮಿ ಆಗ್ತೈತಾ?"

ಕಮ್ಮಿ ಆಗಬಹುದು, ಪೂರ್ತಿ ಹೋಗಲ್ಲ ಅಂದಳು ಹುಡುಗಿ. ಅವರು ತಲೆಯಾಡಿಸಿ, ಬದುವಿನ ಪಕ್ಕದಲ್ಲಿ ಹೋದ ವರ್ಷದ ಒಣ ಕಾಂಡವೊಂದನ್ನು ಹೆಕ್ಕಿ ಅವಳ ಕೈಗಿಟ್ಟರು. ನಾರಿನ ನಡುವೆ ಕಂದು ಗುಂಡುಗಳು ಇನ್ನೂ ಅಂಟಿಕೊಂಡಿದ್ದವು. ಲ್ಯಾಬ್‌ಗೆ ತಂದು ತಟ್ಟೆಗೆ ಹಾಕಿದಳು. ಮೂರನೇ ದಿನಕ್ಕೆ ಬಿಳಿ ಎಳೆ ತಟ್ಟೆಯ ಅಂಚು ಮುಟ್ಟಿತ್ತು. ಗೋಡೆಯ ಆ ಚೀಟಿ ಈಗಲೂ ಇದೆ, "ಬ್ಯಾಕ್ಟೀರಿಯಾಕ್ಕೆ ಮಾತ್ರ" ಅಂತ ಕೆಂಪು ಇಂಕಿನಲ್ಲಿ ಅವಳು ಸೇರಿಸಿ ಹೋಗಿದ್ದಾಳೆ.